ಅಪ್ಪ 23 ವರ್ಷ ಡೈ ಕಂಪನಿಯಲ್ಲಿದ್ರು, ನನಗೆ ಟಾಕ್ಸಿಕಾಲಜಿ (ವಿಷ ವಸ್ತುಗಳು ಮೈಗೆ ಏನು ಮಾಡ್ತವೆ ಅನ್ನೋ ಶಾಸ್ತ್ರ) ಓದಬೇಕು, ಎಲ್ಲಿಂದ ಶುರು ಮಾಡ್ಲಿ?

ಡೊಂಬಿವಲಿ_ಈಸ್ಟ್:

ನಮಸ್ಕಾರ ಎಲ್ಲರಿಗೂ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮದು ಮೂಲ ಇಂಡಿ ತಾಲೂಕು, ಆದ್ರೆ ನಾನು ಹುಟ್ಟಿ ಬೆಳೆದಿದ್ದೆಲ್ಲ ಮುಂಬೈ ಹತ್ತಿರದ ಡೊಂಬಿವಲಿಯಲ್ಲೇ. ಬಿಎಸ್ಸಿ ಕೆಮಿಸ್ಟ್ರಿ ಮುಗಿಸಿ ಎರಡು ವರ್ಷ ಆಯ್ತು, ಈಗ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿಯ ಕ್ಯೂಸಿ (ಗುಣಮಟ್ಟ ನೋಡೋ) ಲ್ಯಾಬಲ್ಲಿ ದಿನಾ ಟೈಟ್ರೇಷನ್ ಮಾಡ್ಕೊಂಡಿದೀನಿ.

ಅಪ್ಪ ಅದೇ ಎಂಐಡಿಸಿಯಲ್ಲಿ 1993ರಿಂದ ಡೈ ಇಂಟರ್‌ಮೀಡಿಯೆಟ್ ಅಂದ್ರೆ ಬಣ್ಣಕ್ಕೆ ಬೇಕಾದ ಕೆಮಿಕಲ್ ಮಾಡೋ ಕಡೆ ಕೆಲಸ ಮಾಡಿದ್ರು, ಮೂರು ಕಂಪನಿ ಬದಲಾಯಿಸಿದ್ರು. 2016ರ ಮೇ ತಿಂಗಳಲ್ಲಿ ಇಲ್ಲಿ ದೊಡ್ಡ ಸ್ಫೋಟ ಆಯ್ತಲ್ಲ, ನಮ್ಮ ಮನೆ ಕಿಟಕಿ ಗಾಜೂ ಒಡೀತು, ಅವತ್ತಿಂದ ಅಮ್ಮ ಇನ್ನು ಸಾಕು ಅಂತ ಹಟ ಹಿಡಿದು ಬಿಡಿಸಿದ್ರು. ಚಿಕ್ಕವನಿದ್ದಾಗ ನನಗೆ ನೆನಪಿರೋದು ಅಂದ್ರೆ ಅಪ್ಪ ಸ್ನಾನ ಮಾಡಿದ್ರೆ ಮೋರಿಯಲ್ಲಿ ನೀರು ಕೆಂಪಗೆ ಹೋಗೋದು, ತಲೆದಿಂಬಿನ ಕವರ್ ಎಷ್ಟು ಒಗೆದ್ರೂ ಹಳದಿ. ಅಮ್ಮ ಅವರ ಬಟ್ಟೆ ಬೇರೆ ಬಕೆಟಲ್ಲಿ ನೆನೆಹಾಕ್ತಿದ್ರು, ಕೈಯಲ್ಲೇ ತಿಕ್ಕಿ ಒಗೀತಿದ್ರು.

ಎರಡು ತಿಂಗಳ ಹಿಂದೆ ಅಪ್ಪನಿಗೆ ಮೂತ್ರದಲ್ಲಿ ರಕ್ತ ಬಂತು. ನೋವು ಏನೂ ಇಲ್ಲ. ಮನೆ ಹತ್ತಿರದ ಡಾಕ್ಟರು ಎರಡು ಸಲ ಇನ್‌ಫೆಕ್ಷನ್ ಮಾತ್ರೆ ಕೊಟ್ರು, ನಿಂತು ಮತ್ತೆ ಬಂತು. ಈಗ ದೊಡ್ಡ ಆಸ್ಪತ್ರೆಯಲ್ಲಿ ಮುಂದಿನ ವಾರ ಸಿಸ್ಟೋಸ್ಕೋಪಿ (ಮೂತ್ರಕೋಶದ ಒಳಗೆ ಕ್ಯಾಮೆರಾ ಹಾಕಿ ನೋಡೋದು) ಇಟ್ಟಿದಾರೆ. ಶುಗರ್ ಇದೆಯಾ, ಬಿಪಿ ಇದೆಯಾ, ಬೀಡಿ ಸೇದ್ತೀರಾ ಎಲ್ಲ ಕೇಳಿದ್ರು, ಏನು ಕೆಲಸ ಮಾಡ್ತಿದ್ರಿ ಅಂತ ಒಬ್ಬರೂ ಕೇಳಲಿಲ್ಲ. ನಾನೇ ರಾತ್ರಿ ಕೂತು ಹುಡುಕಿದಾಗ ಆರೋಮ್ಯಾಟಿಕ್ ಅಮೈನ್ ಅಂತ ಓದಿದೆ, ಡೈ ಮಾಡೋಕೆ ಬಳಸೋ ಕೆಮಿಕಲ್ಲುಗಳು, ಕೆಲವು ಮೂತ್ರಕೋಶದ ಕ್ಯಾನ್ಸರ್ ತರತ್ತೆ ಅಂತ. ಕಾಲೇಜಲ್ಲಿ ಡಯಾಜೊ ಕಪ್ಲಿಂಗ್ (ಆ ಅಮೈನಿನಿಂದ ಬಣ್ಣ ಮಾಡೋ ರಿಯಾಕ್ಷನ್) ಅಂತ ಪರೀಕ್ಷೆಗೆ ಬರೆದು ಹತ್ತು ಮಾರ್ಕ್ಸ್ ತಗೊಂಡ ವಿಷಯ ಇದೇ ಅಂತ ಆವಾಗ ಗೊತ್ತಾಯ್ತು, ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮೂರಲ್ಲಿ 2014ರಲ್ಲಿ ಹಸಿರು ಮಳೆ ಬಿತ್ತು, 2020ರಲ್ಲಿ ರಸ್ತೆ ಗುಲಾಬಿ ಆಯ್ತು, ಎರಡೂ ಸಲ ಟಿವಿಯವರು ಬಂದ್ರು. ಒಳಗೆ ಕೆಲಸ ಮಾಡೋರ ಮೈಯೊಳಗೆ ಏನು ಹೋಯ್ತು ಅಂತ ಅಳೆಯೋರು ಯಾರು? ನನಗೆ ಅದನ್ನ ಓದಬೇಕು. ಯಾವ ಕೋರ್ಸು, ಎಲ್ಲಿ, ಬಿಎಸ್ಸಿ ಮೇಲೆ ಆಗತ್ತಾ? ಮತ್ತೆ ಅಪ್ಪನದ್ದು ಕೆಲಸದಿಂದ ಬಂದಿರಬಹುದಾ?

ಫ್ಯಾಕ್ಟರಿ_ಡಾಕ್ಟರ್:

ತಮ್ಮಾ, ಓದೂದ್ರ ಬಗ್ಗೆ ಉಳಿದವ್ರು ಹೇಳ್ತಾರ, ನಾ ಮೊದಲ ಅಪ್ಪಾರ ವಿಷಯ ಮಾತಾಡ್ತೀನಿ. ನಂದು ಧಾರವಾಡ, ಪಿಂಪ್ರಿ ಚಿಂಚವಡದಾಗ ಫ್ಯಾಕ್ಟರಿ ಡಾಕ್ಟರ್ ಆಗಿ ಹದಿನಾಲ್ಕು ವರ್ಷ ಆತು.

ನೋವಿಲ್ಲದ ರಕ್ತ ಅಂದ್ರ ಪ್ರಾಸ್ಟೇಟ್ ಇರಬಹುದು, ಸೋಂಕು ಇರಬಹುದು, ಇಲ್ಲಿಂದ ಯಾರೂ ಹೇಳಾಕ ಬರೂದಿಲ್ಲ. ಆದ್ರ ಡೈ ಕೆಲಸಾ ಮಾಡಿದವರಿಗೆ ಸಿಸ್ಟೋಸ್ಕೋಪಿ ಒಂದ ದಿನಾನೂ ಮುಂದ ಹಾಕಬ್ಯಾಡ್ರಿ. ರಕ್ತ ತಾನ ನಿಂತತಿ, ಇನ್ನ ಬ್ಯಾಡ ಬಿಡು ಅಂತ ಅಪ್ಪಾರು ಅನ್ನಬಹುದು, ಭಾಳ ಮಂದಿ ಹಂಗ ಅಂತಾರ, ಕೇಳಬ್ಯಾಡ್ರಿ. ಅದು ಬಂದು ಬಂದು ನಿಲ್ಲೂದ ಹಂಗ.

ಈ ಸಂಬಂಧ ಹೊಸಾದಲ್ಲ. 1895ರಾಗ ಫ್ರಾಂಕ್‌ಫರ್ಟ್‌ನ ಸರ್ಜನ್ ಲುಡ್ವಿಗ್ ರೇನ್ ಫುಕ್ಸಿನ್ ಅನ್ನೋ ಬಣ್ಣಾ ಮಾಡೋ 45 ಕೆಲಸಗಾರರೊಳಗ ಮೂರು ಮಂದಿಗೆ ಮೂತ್ರಕೋಶದ ಗಡ್ಡಿ ನೋಡಿ ಬರದಿಟ್ಟಾನ. ಬೆಂಜಿಡಿನ್, 2-ನ್ಯಾಫ್ಥೈಲಮೈನ್, ಆರ್ಥೊ ಟೊಲುಡಿನ್ ಇವೆಲ್ಲಾ ಮನುಷ್ಯಾಗ ಕ್ಯಾನ್ಸರ್ ತರ್ತಾವ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಗ್ರೂಪ್ 1ರಾಗ ಇಟ್ಟೈತಿ. ಒಳಗ ಆಗೂದು ಹಿಂಗ: ಉಸಿರಿನಿಂದ ಇಲ್ಲಾ ಚರ್ಮದಿಂದ ಹೋಗ್ತಾವ, ಲಿವರ್ ಅದನ್ನ ಹೊರಗ ಹಾಕಾಕ ರೂಪಾ ಬದಲಿ ಮಾಡ್ತದ, ಆ ಬದಲಾದ ರೂಪನ ಮೂತ್ರದಾಗ ಇಳದು ತಾಸುಗಟ್ಟಲೆ ಮೂತ್ರಕೋಶದಾಗ ನಿಂತು ಒಳಪದರದ ಡಿಎನ್ಎಗೆ ಹತ್ತತಾವ. ರೋಗ ಕಾಣೂದು ಭಾಳ ಸಲ ಇಪ್ಪತ್ತು ವರ್ಷದ ಮ್ಯಾಲ, ಕೆಲವರಿಗೆ ಇನ್ನೂ ತಡ. ಅಷ್ಟೊತ್ತಿಗೆ ಕಂಪನಿ ಮುಚ್ಚಿರ್ತದ, ಹೆಸರು ಬದಲಾಗಿರ್ತದ. ಬೀಡಿ ಸೇದಿದ್ರ ಅದನ್ನೂ ಮುಚ್ಚಬ್ಯಾಡ್ರಿ, ತಂಬಾಕಿನ ಹೊಗಿಯೊಳಗೂ ಇಂಥಾ ಅಮೈನ್ ಅದಾವ, ಎರಡೂ ಕೂಡಿದ್ರ ಅಪಾಯ ಹೆಚ್ಚ.

ಕೆಲಸಾ ಕೇಳಲಿಲ್ಲ ಅಂದ್ರಲ್ಲ, ಅದು ನನಗ ಭಾಳ ಚುಚ್ಚತು. ಇಟಲಿಯ ರಾಮಾಝಿನಿ ಅನ್ನೋ ವೈದ್ಯ 1700ರಾಗನ ಹೇಳಿ ಹೋಗ್ಯಾನ, ರೋಗಿಗೆ ಕೇಳೋ ಪ್ರಶ್ನೆಗಳ ಜೋಡಿ ನಿನ್ನ ಕಸಬು ಏನು ಅಂತ ಇನ್ನೊಂದು ಕೇಳ್ರಿ ಅಂತ. ನಾ ಕೆಲಸಕ್ಕ ಸೇರಿದ ಮೊದಲನೇ ವರ್ಷ ಒಬ್ಬ ಹುಡುಗ ಬಂದಿದ್ದ, ಮೂಗಿನಾಗ ರಕ್ತ, ಹೊರಗ ವರ್ಷಗಟ್ಟಲೆ ನೆಗಡಿ ಅಂತ ಔಷಧ ಕೊಟ್ಟಿದ್ರು. ಟಾರ್ಚ್ ಹಾಕಿ ನೋಡಿದ್ರ ಎರಡೂ ಹೊಳ್ಳೆ ನಡುವಿನ ಗೋಡ್ಯಾಗ ತೂತು. ಕ್ರೋಮ್ ಪ್ಲೇಟಿಂಗ್ ಟ್ಯಾಂಕಿನ ಮುಂದ ನಿಂತು ಕೆಲಸಾ ಮಾಡೋ ಹುಡುಗ, ಅಲ್ಲಿ ಏಳೋ ಆರು ವೇಲೆನ್ಸಿ ಕ್ರೋಮಿಯಂ ಮಂಜು ಮೂಗಿನ ಗೋಡಿ ತಿಂದಿತ್ತು. ಪುಸ್ತಕದಾಗ ನೂರು ವರ್ಷದಿಂದ ಇರೋ ವಿಷಯ ಅದು. ಕೆಲಸಾ ಕೇಳಿದ್ರ ಒಂದ ನಿಮಿಷದಾಗ ತಿಳೀತಿತ್ತು.

ಹಂಗಾಗಿ ಈ ವಾರದಾಗ ಒಂದು ಹಾಳಿ ತಗೋ. ಯಾವ ವರ್ಷದಿಂದ ಯಾವ ವರ್ಷ, ಯಾವ ಸೆಕ್ಷನ್, ಕೈಯಾಗ ಏನು ಹಿಡೀತಿದ್ರು, ಡ್ರಮ್ಮಿನ ಮ್ಯಾಲ ಏನು ಬರದಿತ್ತು. ಯುರಾಲಜಿಸ್ಟ್ ಕೈಯಾಗ ಕೊಟ್ಟು, ಸರ್ ಇದನ್ನ ಕೇಸ್ ಪೇಪರಿನಾಗ ಬರೀರಿ ಅಂತ ಕೇಳು. ಸಂಕೋಚ ಮಾಡಬ್ಯಾಡ. ಮತ್ತ ಒಂದು ಕೇಳು, ಯಾವಾಗರ ತುಟಿ ಉಗುರು ನೀಲಿ ಆಗಿದ್ದವೇನು ಅಂತ.

ಪುಣೆ_ಲ್ಯಾಬ್:

ಡಾಕ್ಟರ್ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ, ಮೊದಲು ಅದು. ನಾನು ಓದಿನ ಬಗ್ಗೆ ಹೇಳ್ತೀನಿ. ಪುಣೆಯಲ್ಲಿ ಒಂದು ಸಿಆರ್‌ಓದಲ್ಲಿ (ಕಂಪನಿಗಳಿಗಾಗಿ ಪರೀಕ್ಷೆ ಮಾಡಿಕೊಡೋ ಸಂಸ್ಥೆ) ಸ್ಟಡಿ ಡೈರೆಕ್ಟರ್, ಊರು ಸಾಗರ.

ಟಾಕ್ಸಿಕಾಲಜಿ ಅಂದ್ರೆ ಒಂದೇ ಕೆಲಸ ಅಲ್ಲ, ನೀವು ಯಾವುದಕ್ಕೆ ಹೋಗ್ತೀರಿ ಅನ್ನೋದನ್ನ ಮೊದಲೇ ಯೋಚ್ನೆ ಮಾಡಿ. ನನ್ನದು ಲ್ಯಾಬ್ ಕಡೆ. ಹೊಸ ಕೀಟನಾಶಕ, ಔಷಧಿ, ಕೆಮಿಕಲ್ ಮಾರ್ಕೆಟ್ಟಿಗೆ ಬರೋ ಮುಂಚೆ ಇಲಿಗಳಿಗೆ 28 ದಿನ, 90 ದಿನ ಕೊಟ್ಟು ನೋಡ್ತೀವಿ, ಯಾವ ಡೋಸ್‌ವರೆಗೆ ಏನೂ ಕೆಟ್ಟದ್ದು ಕಾಣಲ್ವೋ ಅದು ನೋಯೆಲ್. ಅದನ್ನ ಸಾಮಾನ್ಯವಾಗಿ 100ರಿಂದ ಭಾಗಿಸ್ತಾರೆ, ಇಲಿಯಿಂದ ಮನುಷ್ಯನಿಗೆ ಹತ್ತು, ಮನುಷ್ಯ ಮನುಷ್ಯನ ನಡುವಿನ ವ್ಯತ್ಯಾಸಕ್ಕೆ ಇನ್ನೊಂದು ಹತ್ತು. 2011ರಲ್ಲಿ ಭಾರತಕ್ಕೆ ಒಇಸಿಡಿಯ (ಮುಂದುವರಿದ ದೇಶಗಳ ಆರ್ಥಿಕ ಒಕ್ಕೂಟ) ಪರಸ್ಪರ ಒಪ್ಪಿಗೆ ವ್ಯವಸ್ಥೆಯಲ್ಲಿ ಪೂರ್ತಿ ಸ್ಥಾನ ಸಿಕ್ತು, ಇಲ್ಲಿ ಜಿಎಲ್‌ಪಿ (ಲ್ಯಾಬ್ ಗುಣಮಟ್ಟದ ನಿಯಮ) ಪ್ರಕಾರ ಮಾಡಿದ ಸ್ಟಡಿ ಯುರೋಪಲ್ಲೂ ನಡೆಯತ್ತೆ, ಅದಕ್ಕೇ ಕೆಲಸ ಇದೆ. ಆದ್ರೆ ಸ್ಟಡಿ ಕೊನೆಗೆ ಅಷ್ಟೂ ಪ್ರಾಣಿಗಳನ್ನ ಕೊಂದು ಅಂಗ ನೋಡ್ಬೇಕು. ಇದನ್ನ ಯಾರೂ ಮೊದಲು ಹೇಳಲ್ಲ. ನನಗೆ ಈಗಲೂ ಆ ದಿನ ಊಟ ಸೇರಲ್ಲ, ಆದ್ರೂ ಡೇಟಾ ಸರಿ ಬರ್ಬೇಕು ಅನ್ನೋ ಜವಾಬ್ದಾರಿ ಅದರಿಂದಲೇ ಬರತ್ತೆ.

ಮತ್ತೆ ಇಲಿ ಎಲ್ಲಾ ಹೇಳಲ್ಲ. ನಿಮ್ಮ ಅಪ್ಪನ ವಿಷಯದಲ್ಲೇ ನೋಡಿ, 2-ನ್ಯಾಫ್ಥೈಲಮೈನ್ ಮೂತ್ರಕೋಶದ ಕ್ಯಾನ್ಸರ್ ತರತ್ತೆ ಅಂತ ಪ್ರಾಣಿಯಲ್ಲಿ ಗಟ್ಟಿಯಾಗಿ ತೋರಿಸಿದ್ದು ವಿಲ್ಹೆಲ್ಮ್ ಹ್ಯೂಪರ್, 1938ರಲ್ಲಿ, ಅದೂ ನಾಯಿಗಳಲ್ಲಿ. ರೇನ್ ಕೆಲಸಗಾರರಲ್ಲಿ ನೋಡಿ ಆಗ 43 ವರ್ಷ ಆಗಿತ್ತು. ಅಂದ್ರೆ ಮೊದಲು ಗೊತ್ತಾಗಿದ್ದು ಕೆಲಸಗಾರರ ಮೈಯಿಂದ. ನಿಮ್ಮ ಮನಸ್ಸು ಆ ಕಡೆ ಇದೆ ಅನ್ನಿಸ್ತಿದೆ ನನಗೆ, ಲ್ಯಾಬಿಗಿಂತ ಎಕ್ಸ್‌ಪೋಷರ್ (ಮೈಗೆ ಎಷ್ಟು ತಗುಲಿದೆ ಅನ್ನೋದು) ಅಳೆಯೋ ಕಡೆ, ಎಪಿಡೆಮಿಯಾಲಜಿ (ಜನರ ಗುಂಪಿನಲ್ಲಿ ಕಾಯಿಲೆ ಎಣಿಸಿ ಕಾರಣ ಹುಡುಕೋದು) ಕಡೆ.

ಬಿಎಸ್ಸಿ ಕೆಮಿಸ್ಟ್ರಿ ಇದ್ರೆ ರಾಷ್ಟ್ರೀಯ ಔಷಧ ಶಿಕ್ಷಣ ಸಂಸ್ಥೆ ನೈಪರ್‌ನ ಫಾರ್ಮಕಾಲಜಿ ಟಾಕ್ಸಿಕಾಲಜಿಗೆ ಕಷ್ಟ, ಅಲ್ಲಿ ಹೆಚ್ಚಾಗಿ ಬಿ.ಫಾರ್ಮ್ ಆದವರಿಗೇ ದಾರಿ. ದೆಹಲಿಯ ಜಾಮಿಯಾ ಹಮ್‌ದರ್ದ್‌ನಲ್ಲಿ ಎಂಎಸ್ಸಿ ಟಾಕ್ಸಿಕಾಲಜಿ ಇದೆ, ಯಾವ ಬಿಎಸ್ಸಿ ತಗೋತಾರೆ ಅಂತ ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿ. ಇಲ್ಲಾಂದ್ರೆ ಎಂಎಸ್ಸಿ ಕೆಮಿಸ್ಟ್ರಿನೋ ಎನ್ವಿರಾನ್‌ಮೆಂಟಲ್ ಸೈನ್ಸೋ ಇಲ್ಲೇ ಮುಂಬೈಯಲ್ಲಿ ಮುಗಿಸಿ ನೆಟ್ ಜೆಆರ್‌ಎಫ್ ಫೆಲೋಶಿಪ್ ತಗೊಂಡು ಲಕ್ನೋದ ಐಐಟಿಆರ್‌ಗೆ ಪಿಎಚ್‌ಡಿಗೆ ಹೋಗಿ, 1965ರಲ್ಲಿ ಇಂಡಸ್ಟ್ರಿಯಲ್ ಟಾಕ್ಸಿಕಾಲಜಿ ರಿಸರ್ಚ್ ಸೆಂಟರ್ ಅಂತಲೇ ಶುರುವಾದ ಜಾಗ ಅದು. ಅಹಮದಾಬಾದ್‌ನಲ್ಲಿ ಐಸಿಎಂಆರ್‌ದು ಎನ್‌ಐಒಎಚ್ (ಕೆಲಸದ ಜಾಗದ ಆರೋಗ್ಯದ ರಾಷ್ಟ್ರೀಯ ಸಂಸ್ಥೆ) ಇದೆ, ಅದರ ದಕ್ಷಿಣದ ಸೆಂಟರ್ ಬೆಂಗಳೂರಲ್ಲಿ. ಚೆನ್ನೈಯ ಶ್ರೀ ರಾಮಚಂದ್ರದಲ್ಲಿ ಕಲ್ಪನಾ ಬಾಲಕೃಷ್ಣನ್ ಅವರ ಗುಂಪು ಒಲೆ ಹೊಗೆ, ಗಾಳಿ ಮಾಲಿನ್ಯದ ಮೇಲೆ ಮಾಡಿರೋ ಕೆಲಸ ಪ್ರಪಂಚದಲ್ಲೇ ಹೆಸರು ಮಾಡಿದೆ, ಅಲ್ಲಿ ಆಕ್ಯುಪೇಷನಲ್ ಹೆಲ್ತ್ ಕಡೆಯ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಇದೆ. ಎಲ್ಲಿಗೆ ಹೋದ್ರೂ ಸ್ಟ್ಯಾಟಿಸ್ಟಿಕ್ಸ್ ಈಗಿಂದಲೇ ಕಲೀರಿ, ನಾನು ಕಲೀದೇ ಮೂರು ವರ್ಷ ಒದ್ದಾಡಿದೀನಿ.

ಒಂದು ಮಾತು, ಬೇಜಾರಾಗ್ಬೇಡಿ. ಎಲ್ಲಾ ಕಾಯಿಲೆಗೂ ಕೆಮಿಕಲ್ಲೇ ಕಾರಣ ಅಂತ ಮೊದಲೇ ತೀರ್ಮಾನ ಮಾಡ್ಕೊಂಡು ಈ ಓದಿಗೆ ಬರ್ಬೇಡಿ. ನಮ್ಮ ಸಾಗರದ ಹಂದಿಗೋಡು ಕಾಯಿಲೆ ಕೇಳಿರ್ತೀರಿ, 1975ರ ಹೊತ್ತಿಗೆ ಕೂಲಿ ಜನರ ಸೊಂಟ ಮಂಡಿ ಕೀಲುಗಳು ಹಾಳಾಗಿ ನಡೆಯೋಕೇ ಆಗದೆ ಆಯ್ತು. ಗದ್ದೆಗೆ ಹೊಡೆದ ಔಷಧಿ, ಆ ಗದ್ದೆಯ ಏಡಿ ತಿಂದಿದ್ದು ಕಾರಣ ಅಂತ ಬಹಳ ಕಾಲ ನಂಬಿದ್ರು, ನಮ್ಮಜ್ಜಿ ಸಾಯೋವರೆಗೂ ಅದನ್ನೇ ಹೇಳ್ತಿದ್ರು. ಆಮೇಲೆ ಮನೆತನಗಳ ವಂಶಾವಳಿ ಹಿಡಿದು ನೋಡಿದಾಗ ಅದು ವಂಶದಲ್ಲಿ ಇಳಿದು ಬರೋ ಮೂಳೆ ದೋಷ ಅಂತ ಕಂಡಿತು. ಆ ಜನರ ಕಷ್ಟ ಅದರಿಂದ ಒಂದು ಕೂದಲಷ್ಟೂ ಕಮ್ಮಿ ಆಗಲಿಲ್ಲ, ಆದ್ರೆ ಕಾರಣ ತಪ್ಪಾದ್ರೆ ಸಹಾಯವೂ ತಪ್ಪು ಜಾಗಕ್ಕೆ ಹೋಗತ್ತೆ.

ಡೊಂಬಿವಲಿ_ಈಸ್ಟ್:

ಮೇಡಂ, ಸರ್, ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ಅಪ್ಪನ ಜೊತೆ ಮೂರು ಗಂಟೆ ಕೂತಿದ್ದೆ. ಇಷ್ಟು ವರ್ಷದಲ್ಲಿ ಅವರ ಕೆಲಸದ ಬಗ್ಗೆ ನಾನು ಇಷ್ಟು ಮಾತಾಡೇ ಇರಲಿಲ್ಲ.

ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ, ಹಾಗಾಗಿ ಹೆಸರು ಅಂದ್ರೆ ಬಾಯಲ್ಲಿ ಓಡಾಡೋ ಹೆಸರುಗಳೇ. ಎಚ್ ಆಸಿಡ್, ಬೀಟಾ ನೆಫ್ತಾಲ್, ಟೋಬಿಯಾಸ್, ಓಟಿ. ಇನ್ನೊಂದನ್ನ ಎಲ್ಲರೂ ಪೀಲಾ ಪೌಡರ್ ಅಂತಲೇ ಕರೀತಿದ್ರಂತೆ, ಅದೇನು ಅಂತ ಅವರಿಗೂ ಗೊತ್ತಿಲ್ಲ. ಮೊದಲ ಒಂಬತ್ತು ವರ್ಷ ಫಿಲ್ಟರ್ ಪ್ರೆಸ್ (ದ್ರವ ಸೋಸೋ ಯಂತ್ರ) ಮೇಲೆ, ಪ್ಲೇಟ್ ಬಿಚ್ಚಿ ಒಳಗೆ ಗಟ್ಟಿಯಾಗಿ ಉಳಿದ ಕೇಕ್ ಕೆರೆದು ತೆಗೆಯೋದು, ರಬ್ಬರ್ ಗ್ಲೌಸ್ ಹರಿದಿದ್ರೆ ಬರಿಗೈ. ಮುಖಕ್ಕೆ ಕರವಸ್ತ್ರ. ಆಮೇಲೆ ಡ್ರೈಯರ್, ಪ್ಯಾಕಿಂಗ್.

ತುಟಿ ನೀಲಿ ವಿಷಯ ಕೇಳಿದ ತಕ್ಷಣ ಅಪ್ಪ ನನ್ನ ಮುಖ ನೋಡಿದ್ರು, ನಿನಗೆ ಹೇಗೆ ಗೊತ್ತು ಅಂದ್ರು. ಎರಡು ಸಲ ಆಗಿತ್ತಂತೆ, ಒಂದು ಸಲ ಇವರಿಗೆ, ಒಂದು ಸಲ ಜೊತೆಗಿದ್ದ ಸೋಲಾಪುರದ ಕಾಕಾಗೆ. ತಲೆ ಸುತ್ತು ಬಂದು ಕೂತ್ರಂತೆ, ಸೂಪರ್‌ವೈಸರ್ ಬೆಲ್ಲ ಹಾಲು ಕೊಟ್ಟು ಹೊರಗೆ ಗಾಳಿಗೆ ಕೂರಿಸಿ ಮಾರನೇ ದಿನ ಮತ್ತೆ ಅಲ್ಲೇ ಹಾಕಿದ್ರು. ಬೀಡಿ 2005ರವರೆಗೆ ಸೇದಿದಾರೆ, ಅದನ್ನೂ ಬರೆದೆ.

ಫ್ಯಾಕ್ಟರಿ_ಡಾಕ್ಟರ್:

ಅದು ಅನಿಲಿನ್ ಇಲ್ಲಾ ಅದರ ಬಳಗದ್ದು ಯಾವುದೋ. ಚರ್ಮದಿಂದ ಹೋಗಿ ರಕ್ತದಾಗಿನ ಹಿಮೋಗ್ಲೋಬಿನ್ನ ಮೆಟ್‌ಹಿಮೋಗ್ಲೋಬಿನ್ ಮಾಡ್ತದ, ಆಮ್ಲಜನಕ ಹೊರೂದು ನಿಲ್ತದ, ತುಟಿ ನೀಲಿ ಆಗ್ತಾವ. ಅದಕ್ಕ ಆಸ್ಪತ್ರ್ಯಾಗ ಮೆಥಿಲೀನ್ ಬ್ಲೂ ಕೊಡಬೇಕು. ಬೆಲ್ಲ ಆ ರಕ್ತಾ ಸರಿ ಮಾಡೂದಿಲ್ಲ. ಬೆಲ್ಲ ಹಾಲು ಕೊಟ್ಟು ಕೆಲಸಾ ಮುಗೀತು ಅನ್ನೋದನ್ನ ನಾ ಇವತ್ತೂ ಫ್ಯಾಕ್ಟರಿಗೋಳಾಗ ನೋಡ್ತೀನಿ, ಪ್ರತಿ ಸಲಾ ಜಗಳಾ ತಗೀತೀನಿ.

ನೀಲಿ ಆಗೂದು ಬ್ಯಾರೆ, ಕ್ಯಾನ್ಸರ್ ಬ್ಯಾರೆ, ಒಂದು ಇನ್ನೊಂದಕ್ಕ ಸಾಕ್ಷಿ ಅಲ್ಲ. ಆದ್ರ ಚರ್ಮದಿಂದ ಒಳಗ ಹೋಗೂವಷ್ಟು ಮೈಗೆ ಹತ್ತಿತ್ತು ಅನ್ನೂದಕ್ಕ ಇದಕ್ಕಿಂತ ಗಟ್ಟಿ ಗುರುತು ಬೇಕಾಗಿಲ್ಲ. ಬರಿ ಅದನ್ನೂ.

ಪುಣೆ_ಲ್ಯಾಬ್:

ಟೋಬಿಯಾಸ್ ಆಸಿಡ್ ಅಂದ್ರಲ್ಲ, ಅದು 2-ನ್ಯಾಫ್ಥೈಲಮೈನ್‌ಗೆ ಸಲ್ಫೋನಿಕ್ ಗುಂಪು ಸೇರಿದ ರೂಪ. ಅದು ತಾನಾಗಿ ಮೈಯಿಂದ ಸುಲಭವಾಗಿ ಹೊರಗೆ ಹೋಗತ್ತೆ, ಆದ್ರೆ ಅದರಲ್ಲಿ 2-ನ್ಯಾಫ್ಥೈಲಮೈನ್ ಕಲ್ಮಶವಾಗಿ ಉಳಿದಿರಬಹುದು, ತಲೆನೋವು ಅದೇ. ಓಟಿ ಅಂದ್ರೆ ಆರ್ಥೊ ಟೊಲುಡಿನ್ನೇ ಇರ್ಬೇಕು. ನೀವು ಕೆಮಿಸ್ಟ್ರಿ ಓದಿದವರು, ಆ ಹೆಸರುಗಳ ಮುಂದೆ ಸರಿಯಾದ ಕೆಮಿಕಲ್ ಹೆಸರು, ಸಿಎಎಸ್ ನಂಬರ್ (ಪ್ರತಿ ಕೆಮಿಕಲ್ಲಿಗೂ ಇರೋ ಗುರುತಿನ ಸಂಖ್ಯೆ) ಬರೆದು ಡಾಕ್ಟರಿಗೆ ಕೊಡಿ. ಪೀಲಾ ಪೌಡರ್ ಅನ್ನೋದನ್ನ ಹಾಗೇ ಬರೀರಿ, ಊಹೆ ಮಾಡಿ ತುಂಬಬೇಡಿ.

ರಿಟೈರ್ಡ್_ಸೇಫ್ಟಿ:

ನಾನು ಪುತ್ತೂರಿನವ, ಥಾಣೆ ಬೇಲಾಪುರ ಬೆಲ್ಟಿನಲ್ಲಿ ಸೇಫ್ಟಿ ಆಫೀಸರ್ ಆಗಿದ್ದು ಈಗ ರಿಟೈರ್. ಎಲ್ಲರೂ ಎಂಎಸ್ಸಿ ಪಿಎಚ್‌ಡಿ ಹೇಳಿದರು, ನಾನು ಇನ್ನೊಂದು ದಾರಿ ಹೇಳ್ತೇನೆ, ಅದು ನಿಮ್ಮ ಮನೆಯಿಂದ ಸೆಂಟ್ರಲ್ ಲೈನಲ್ಲಿ ಸಾಯನ್ ಸ್ಟೇಷನ್ನಿಗೆ ಹೋಗಿ ಇಳಿಯುವಷ್ಟು ದೂರ. ಅಲ್ಲಿ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಉಂಟು, ಕೇಂದ್ರ ಕಾರ್ಮಿಕ ಇಲಾಖೆಯದ್ದು. ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಅಲ್ಲೇ ಮಾಡಿದ್ದು ನಾನು, ಅದಕ್ಕೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ ಅನುಭವ ಕೇಳ್ತಾರೆ, ಹಾಗಾಗಿ ನಿಮ್ಮ ಈಗಿನ ಕೆಲಸ ದಂಡ ಅಂತ ತಿಳಿಯಬೇಡಿ, ಎಕ್ಸ್‌ಪೀರಿಯೆನ್ಸ್ ಲೆಟರ್ ಜೋಪಾನ. ಎಂಬಿಬಿಎಸ್ ಆದವರಿಗೆ ಅಲ್ಲೇ ಮೂರು ತಿಂಗಳ ಫ್ಯಾಕ್ಟರಿ ಡಾಕ್ಟರ್ ಕೋರ್ಸ್ ಎಎಫ್‌ಐಎಚ್ ಉಂಟು, ಡಾಕ್ಟರ್ ಮೇಡಂಗೆ ಗೊತ್ತಿರ್ತದೆ. ಇಂಡಸ್ಟ್ರಿಯಲ್ ಹೈಜೀನ್ ಲ್ಯಾಬ್ ಕೂಡ ಉಂಟು, ಒಮ್ಮೆ ಹೋಗಿ ನೋಡಿ.

ಒಳಗೆ ಹೋದದ್ದನ್ನು ಅಳೆಯುವವರು ಯಾರು ಅಂತ ನೀವು ಕೇಳಿದಿರಿ. ಅದೇ ಹೈಜೀನಿಸ್ಟನ ಕೆಲಸ ಮಾರಾಯ್ರೆ. ಕೆಲಸಗಾರನ ಸೊಂಟಕ್ಕೆ ಸಣ್ಣ ಪಂಪ್ ಕಟ್ಟುದು, ಟ್ಯೂಬ್ ಮೇಲೆ ತಂದು ಕಾಲರಿಗೆ ಫಿಲ್ಟರ್ ಸಿಕ್ಕಿಸುದು, ಮೂಗಿನಿಂದ ಒಂದು ಅಡಿ ಒಳಗೆ, ನಿಮಿಷಕ್ಕೆ ಹೆಚ್ಚುಕಡಿಮೆ ಎರಡು ಲೀಟರ್ ಗಾಳಿ ಎಳೆಸಿ ಪೂರ್ತಿ ಶಿಫ್ಟ್ ಬಿಟ್ಟು ಲ್ಯಾಬಲ್ಲಿ ನೋಡುದು. ಗೋಡೆಗೆ ಮೀಟರ್ ನೇತುಹಾಕಿ ಎಲ್ಲ ಸರಿ ಉಂಟು ಅಂತ ಬರೆಯುವವರನ್ನು ತುಂಬ ನೋಡಿದ್ದೇನೆ. ಗೋಡೆ ಉಸಿರಾಡುದಿಲ್ಲ. ನಿಮ್ಮ ಅಪ್ಪನ ಕೆಲಸದಲ್ಲಿ ಗಾಳಿ ಮಾತ್ರ ಅಳೆದರೂ ಸಾಕಾಗ್ತಿರಲಿಲ್ಲ, ಕೇಕ್ ಕೆರೆಯುವ ಕೈಯಿಂದ ಹೋಗುದು ಗಾಳಿಯ ಲೆಕ್ಕಕ್ಕೆ ಸಿಗುದಿಲ್ಲ, ಅದಕ್ಕೆ ಶಿಫ್ಟ್ ಮುಗಿದ ಮೇಲೆ ಮೂತ್ರ ಪರೀಕ್ಷೆ ಬೇಕು. ಕರವಸ್ತ್ರ ಆವಿಯನ್ನು ತಡೆಯುದೇ ಇಲ್ಲ. ಮಾಸ್ಕ್ ಗ್ಲೌಸ್ ಎಲ್ಲ ಕಡೆಯ ಸಾಲಿನಲ್ಲಿ ಬರುವಂಥದ್ದು, ಮೊದಲು ಆ ಕೆಮಿಕಲ್ ಬೇಕಾ ಅಂತ ಕೇಳ್ಬೇಕು, ಬೇಕಾದರೆ ಮುಚ್ಚಿದ ಪಾತ್ರೆಯಲ್ಲೇ ಮಾಡ್ಲಿಕ್ಕೆ ಆಗ್ತದಾ ನೋಡ್ಬೇಕು, ಅದೂ ಆಗದಿದ್ದರೆ ಏಳುವ ಜಾಗದಲ್ಲೇ ಎಳೆದು ತೆಗೆಯುವ ಎಕ್ಸಾಸ್ಟ್.

ಕಾನೂನು ವಿಷಯ. ಭೋಪಾಲ್ 1984ರಲ್ಲಿ ಆದ ಮೇಲೆ 1987ರಲ್ಲಿ ಫ್ಯಾಕ್ಟರೀಸ್ ಆಕ್ಟಿಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿಸಿದರು. ಅದರ 41ಸಿ ಕಲಮಿನ ಪ್ರಕಾರ ಅಂಥ ಕೆಮಿಕಲ್ ಮುಟ್ಟುವವರ ಹೆಲ್ತ್ ರೆಕಾರ್ಡ್ ಕಂಪನಿ ಇಡ್ಬೇಕಿತ್ತು, ಕೆಲಸಗಾರ ಕೇಳಿದರೆ ತೋರಿಸ್ಬೇಕಿತ್ತು. ನಿಮ್ಮ ಅಪ್ಪ ಇದ್ದದ್ದು ಆ ಕಾಲದಲ್ಲೇ, ಹಾಗಾಗಿ ಮೂರೂ ಕಡೆ ಬರೆದು ಕೇಳಿ, ರಿಜಿಸ್ಟರ್ಡ್ ಪೋಸ್ಟಲ್ಲಿ. ಅದೇ ಆಕ್ಟಿನಲ್ಲಿ ತಿಳಿಸಲೇಬೇಕಾದ 29 ಕಾಯಿಲೆಯ ಪಟ್ಟಿ ಇತ್ತು, ಕೆಲಸದಿಂದ ಬಂದ ಕ್ಯಾನ್ಸರ್ ಅದರಲ್ಲಿ ಸೇರಿತ್ತು, ಆ ಆಕ್ಟಿನ ಜಾಗಕ್ಕೆ 2025ರ ನವೆಂಬರಲ್ಲಿ ಜಾರಿಗೆ ಬಂದ 2020ರ ಸುರಕ್ಷತೆ ಆರೋಗ್ಯದ ಕೋಡಿನಲ್ಲೂ ಅಂಥ ಪಟ್ಟಿ ಉಂಟು. ರೋಗ ಹೌದು ಅಂತ ಆದರೆ ನೋಡಿದ ಡಾಕ್ಟರು ಫ್ಯಾಕ್ಟರಿ ಇನ್‌ಸ್ಪೆಕ್ಟರೇಟಿಗೆ ತಿಳಿಸ್ಬೇಕು, ಮಹಾರಾಷ್ಟ್ರದಲ್ಲಿ ಅದು ಡಿಶ್, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯ. ಇಎಸ್‌ಐ ಕಾರ್ಡ್, ಪಿಎಫ್ ಸ್ಲಿಪ್, ಹಳೆಯ ಗೇಟ್‌ಪಾಸ್ ಎಂತ ಸಿಕ್ಕಿದರೂ ಬಿಸಾಡಬೇಡಿ.

ನಮ್ಮ ಊರ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದದ್ದು ನೋಡಿದವ ನಾನು. ಕೊಕ್ಕಡದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಚೇರಿ ಕಚೇರಿ ತಿರುಗಿದರು, ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇಯಲ್ಲಿ. ಯಾವ ವರ್ಷ, ಯಾವ ತೋಟ, ಮನೆ ಎಷ್ಟು ದೂರ ಅಂತ ಬರೆದಿಟ್ಟವರ ಮಾತಿಗೆ ತೂಕ ಇತ್ತು. ನೀವು ಅಪ್ಪನ ಹತ್ರ ಕೂತು ಬರೆದಿರಲ್ಲ, ನನ್ನ ಮಟ್ಟಿಗೆ ನಿಮ್ಮ ಓದು ಅಲ್ಲಿಂದಲೇ ಸುರು ಆಗಿದೆ.

ಮಾಟುಂಗಾ_ಹೋಟೆಲ್:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು ಸಣ್ಣ ಉಡುಪಿ ಹೋಟೆಲ್, ವಡೆ ಕಡಾಯಿ ಹತ್ರ ನಿಲ್ಲುವ ಹುಡುಗನಿಗೆ ವರ್ಷವಿಡೀ ಕೆಮ್ಮು. ಎಣ್ಣೆ ಹೊಗೆಯಿಂದ ಏನಾದರೂ ಆಗ್ತದಾ?

ರಿಟೈರ್ಡ್_ಸೇಫ್ಟಿ:

ಆಗ್ತದೆ. ಜೋರು ಉರಿಯಲ್ಲಿ ಕರಿಯುವ ಹೊಗೆಯನ್ನು ಐಎಆರ್‌ಸಿ 2ಎ ಗುಂಪಿನಲ್ಲಿ ಇಟ್ಟಿದೆ, ಅಂದರೆ ಬಹುಮಟ್ಟಿಗೆ ಕ್ಯಾನ್ಸರ್ ತರುವಂಥದ್ದು. ಮೊದಲು ಹುಡುಗನಿಗೆ ಕಫ ಪರೀಕ್ಷೆ ಎಕ್ಸ್‌ರೇ ಮಾಡಿಸಿ, ಮುಂಬೈಯಲ್ಲಿ ಕೆಮ್ಮು ಅಂದರೆ ಟಿಬಿ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಬೇಕು. ಆಮೇಲೆ ನಿಮ್ಮ ಚಿಮಣಿ ನೋಡಿ. ತಲೆಯ ಮೇಲೆ ಎತ್ತರದಲ್ಲಿ ಕಟ್ಟಿದ್ದರೆ ಹೊಗೆ ಹುಡುಗನ ಮುಖ ದಾಟಿಯೇ ಮೇಲೆ ಹೋಗ್ತದೆ. ಕಡಾಯಿಯ ಹಿಂದಿನಿಂದ ಎಳೆಯುವ ಹಾಗೆ ತಗ್ಗಿಸಿ, ಊದುಬತ್ತಿ ಹಿಡಿದು ನೋಡಿ ಹೊಗೆ ಯಾವ ಕಡೆ ಹೋಗ್ತದೆ ಅಂತ.

ಡೊಂಬಿವಲಿ_ಈಸ್ಟ್:

ಸಿಸ್ಟೋಸ್ಕೋಪಿ ಆಯ್ತು. ಒಳಗೆ ಒಂದು ಸಣ್ಣ ಗಡ್ಡೆ ಇತ್ತು, ತೆಗೆದು ಬಯಾಪ್ಸಿಗೆ ಕಳಿಸಿದಾರೆ, ರಿಪೋರ್ಟ್ ಬರೋಕೆ ಇನ್ನೂ ಒಂದು ವಾರ. ಬೇಗ ಬಂದಿದೀರಿ ಅಂದ್ರು ಡಾಕ್ಟರು. ಹಾಳೆ ಕೊಟ್ಟಾಗ ಮೊದಲು ಪಕ್ಕಕ್ಕಿಟ್ರು, ಆಮೇಲೆ ಆರ್ಥೊ ಟೊಲುಡಿನ್ ಅನ್ನೋದನ್ನ ನೋಡಿ ಮತ್ತೆ ಕೈಗೆ ತಗೊಂಡು ಪೂರ್ತಿ ಓದಿದ್ರು, ಕೇಸ್ ಪೇಪರಲ್ಲಿ ಬರೆದ್ರು, ಹಾಳೆಯ ಜೆರಾಕ್ಸ್ ಇಟ್ಕೊಂಡ್ರು.

ಎರಡು ಕಂಪನಿಗೆ ಪತ್ರ ಹಾಕಿದೆ, ಮೂರನೇದು ಇದ್ದ ಜಾಗದಲ್ಲಿ ಈಗ ಗೋಡೌನ್ ಇದೆ. ಸಾಯನ್ನಿಗೆ ಶುಕ್ರವಾರ ರಜೆ ಹಾಕಿ ಹೋಗ್ತಿದೀನಿ. ಎಂಎಸ್ಸಿ ಫಾರ್ಮೂ ತುಂಬ್ತೀನಿ, ಸ್ಟ್ಯಾಟಿಸ್ಟಿಕ್ಸ್ ಶುರು ಮಾಡಿದೀನಿ.

ಅಪ್ಪ ಆಸ್ಪತ್ರೆಯಿಂದ ಬಂದವರೇ ಮೊದಲು ಕೇಳಿದ್ದು ಆ ಕಾಕಾ ಬಗ್ಗೆ, ಅವನೂ ಅದೇ ಪ್ರೆಸ್ ಮೇಲೆ ಇದ್ದ, ಅವನಿಗೆ ಯಾರು ಹೇಳ್ತಾರೆ ಅಂತ. ಹಳೇ ಡೈರಿಯಲ್ಲಿ ನಂಬರ್ ಸಿಕ್ತು, ಫೋನ್ ಹತ್ತಲಿಲ್ಲ, ಊರಿನ ವಿಳಾಸ ಇದೆ. ಭಾನುವಾರ ಬೆಳಗಿನ ಗಾಡಿಗೆ ನಾನು ಸೋಲಾಪುರಕ್ಕೆ ಹೋಗ್ತಿದೀನಿ, ಖಾಲಿ ಹಾಳೆ ಜೊತೆಗಿದೆ. ಮೇಡಂ, ಕಾಕಾಗೆ ರಕ್ತ ಏನೂ ಬಂದಿಲ್ಲ ಅಂದ್ರೂ ಮೊದಲು ಯಾವ ಪರೀಕ್ಷೆ ಮಾಡಿಸ್ಲಿ?

ಫ್ಯಾಕ್ಟರಿ_ಡಾಕ್ಟರ್:

ಮೂತ್ರದ ರುಟೀನ್ ಮೈಕ್ರೋಸ್ಕೋಪಿ, ಕಣ್ಣಿಗೆ ಕಾಣದ ರಕ್ತ ಅದರಾಗ ಗೊತ್ತಾಗ್ತದ, ಜೋಡಿಗೆ ಯೂರಿನ್ ಸೈಟಾಲಜಿ (ಮೂತ್ರದಾಗ ಕ್ಯಾನ್ಸರ್ ಕಣ ಅದಾವೇನು ಅಂತ ನೋಡೂದು). ಎರಡೂ ಸೋಲಾಪುರದಾಗ ಆಗ್ತಾವ. ಏನರ ಬಂದ್ರ ಅಲ್ಲೆ ಯುರಾಲಜಿಸ್ಟ್ ಕಡೆ ಕರಕೊಂಡ ಹೋಗು, ರಿಪೋರ್ಟ್ ನನಗ ಮೆಸೇಜ್ ಮಾಡು, ಕಾಕಾರ ಹೆಸರು ಇಲ್ಲೆ ಹಾಕಬ್ಯಾಡ.